ಹಿರಿಯರು ಕೇಸ್ ಕೊಡುತ್ತಿಲ್ಲ, ನನ್ನ ಕೈ ನಡುಗುತ್ತಿದೆ: ಹೊಸ ದಂತವೈದ್ಯೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಬಿಡಿಎಸ್ ಇಂಟರ್ನ್‌ಶಿಪ್ ಮುಗಿಸಿ ಎಂಟು ತಿಂಗಳಾಯಿತು. ನಮ್ಮದು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರು. ಇಲ್ಲಿ ಒಳ್ಳೆಯ ಹೆಸರಿರುವ ಹಿರಿಯ ದಂತವೈದ್ಯರ ಕ್ಲಿನಿಕ್‌ನಲ್ಲಿ ತಿಂಗಳಿಗೆ 15,000 ರೂಪಾಯಿ ಸಂಬಳಕ್ಕೆ ಸೇರಿದ್ದೇನೆ. ಬೆಳಿಗ್ಗೆ 10ಕ್ಕೆ ಹೋದರೆ ಮನೆಗೆ ಬರುವುದು ರಾತ್ರಿ 8.30ಕ್ಕೆ. ಕ್ಲೀನಿಂಗ್, ಸಣ್ಣಪುಟ್ಟ ಫಿಲ್ಲಿಂಗ್, ಮಕ್ಕಳ ಹಾಲುಹಲ್ಲು ಕೀಳುವುದು, ಇಷ್ಟೇ ನನ್ನ ಪಾಲು. ರೂಟ್ ಕೆನಾಲ್ ಕೇಳಿದರೆ ‘ನೋಡ್ತಾ ಇರಮ್ಮಾ, ಬರುತ್ತೆ’ ಅನ್ನುತ್ತಾರೆ. ಎರಡು ತಿಂಗಳ ಹಿಂದೆ ಸರ್ ಮದುವೆಗೆ ಹೋಗಿದ್ದರು. ನೋವಿನಿಂದ ಬಂದ ರೋಗಿಯೊಬ್ಬರಿಗೆ, ಫೋನಿನಲ್ಲಿ ಅವರನ್ನು ಕೇಳಿಯೇ, ಕೆಳದವಡೆಯ ದೊಡ್ಡ ಹಲ್ಲಿಗೆ ರೂಟ್ ಕೆನಾಲ್ ಶುರು ಮಾಡಿದೆ. ಕೆನಾಲ್ (ಬೇರಿನೊಳಗಿನ ನಾಳ) ಉಜ್ಜುವ ಸೂಜಿಯಂಥ ಫೈಲ್ ಒಳಗೇ ಮುರಿಯಿತು. ಮಾರನೆಯ ದಿನ ರೋಗಿಯ ಎದುರೇ ಬೈದರು. ಅಂದಿನಿಂದ ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಹಿಡಿದರೆ ಕೈ ನಡುಗುತ್ತದೆ. ಹಿರಿಯರು ಬೇಕಂತಲೇ ಕಲಿಸುವುದಿಲ್ಲ ಅನ್ನುತ್ತಾರಲ್ಲ, ನಿಜವೇ? ಬೆಂಗಳೂರಿನ ಚೈನ್ ಕ್ಲಿನಿಕ್‌ನಲ್ಲಿರುವ ಗೆಳತಿ ಅಲ್ಲಿಗೆ ಬಾ ಅನ್ನುತ್ತಾಳೆ. ಅಪ್ಪ ಸಾಲ ಮಾಡಿ ಕ್ಲಿನಿಕ್ ಹಾಕಿಕೊಡುತ್ತೇನೆ ಅನ್ನುತ್ತಾರೆ. ಮೂರು ದಿನದ ಇಂಪ್ಲಾಂಟ್ (ದವಡೆಮೂಳೆಗೆ ಸ್ಕ್ರೂ ಕೂರಿಸಿ ಕೃತಕ ಹಲ್ಲು ಹಾಕುವ) ಕೋರ್ಸ್ ಮಾಡಿದರೆ ಬೆಲೆ ಬರುತ್ತದೆ ಎಂದು ಇನ್ನೊಬ್ಬರ ಸಲಹೆ. ಸ್ನಾತಕೋತ್ತರ ಪದವಿ ಎಂಡಿಎಸ್‌ಗೆ ಓದಲೇ? ನನ್ನ ಒರಿಜಿನಲ್ ಸರ್ಟಿಫಿಕೇಟ್‌ಗಳು ಸರ್ ಹತ್ತಿರ ಇವೆ. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟ ಮೇಲೆ ಇದೇ ಊರಿನಲ್ಲಿ ಕ್ಲಿನಿಕ್ ತೆರೆಯುವಂತಿಲ್ಲ ಎಂದು ಸ್ಟಾಂಪ್ ಪೇಪರ್ ಮೇಲೆ ಸಹಿಯನ್ನೂ ಹಾಕಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ನಿಜವಾಗಿ ಕಾಡುತ್ತಿರುವುದು ಎರಡು. ಸರ್ ನನಗೆ ಕಲಿಸುತ್ತಿಲ್ಲವೋ, ಅಥವಾ ಈ ಕೆಲಸ ನನ್ನ ಕೈಗೇ ಒಗ್ಗುವುದಿಲ್ಲವೋ? ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಆ ಮುರಿದ ಫೈಲ್ ಮನಸ್ಸಿನಲ್ಲಿ ಚುಚ್ಚುತ್ತಿರುವವರೆಗೆ ಉಳಿದ ಯಾವ ನಿರ್ಧಾರವೂ ನೆಟ್ಟಗೆ ಬರುವುದಿಲ್ಲ.

ರೂಟ್ ಕೆನಾಲ್ ಮಾಡುವ ಪ್ರತಿಯೊಬ್ಬರ ಕೈಯಲ್ಲೂ ಫೈಲ್ ಮುರಿದಿರುತ್ತದೆ. ಮುರಿದೇ ಇಲ್ಲ ಅನ್ನುವವರು ಕೇಸ್ ಮಾಡಿರುವುದು ಕಡಿಮೆ, ಇಲ್ಲವೇ ಎಕ್ಸ್‌ರೇ ಸರಿಯಾಗಿ ನೋಡಿಲ್ಲ. ಮೋಟಾರಿನಿಂದ ತಿರುಗುವ ರೋಟರಿ ಫೈಲ್ ನಿಕಲ್ ಮತ್ತು ಟೈಟಾನಿಯಂ ಸೇರಿದ ಲೋಹ. ಬಾಗಿದರೂ ಮತ್ತೆ ನೆಟ್ಟಗಾಗುವುದು ಅದರ ಗುಣ. ಆದರೆ ಸೊಟ್ಟ ಕೆನಾಲ್‌ನೊಳಗೆ ಸುತ್ತುವಾಗ ಪ್ರತಿ ಸುತ್ತಿಗೂ ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಕುಗ್ಗುತ್ತದೆ. ಹೀಗೆ ದಣಿದ ಲೋಹ ಹೊರಗಿನಿಂದ ನೋಡಲು ಹೊಸದರ ಹಾಗೇ ಇದ್ದು, ಇದ್ದಕ್ಕಿದ್ದಂತೆ ತುಂಡಾಗುತ್ತದೆ. ಎರಡನೆಯ ಕಾರಣ, ತುದಿ ಕಿರಿದಾದ ಜಾಗದಲ್ಲಿ ಕಚ್ಚಿಕೊಂಡಿದ್ದರೂ ಮೋಟಾರ್ ತಿರುಗುತ್ತಲೇ ಇರುವುದು. 10 ಮತ್ತು 15ನೇ ನಂಬರಿನ ಕೈ ಫೈಲ್‌ಗಳಿಂದ ಮೊದಲೇ ದಾರಿ ಮಾಡಿಕೊಳ್ಳದೆ ರೋಟರಿ ಇಳಿಸಿದರೆ ಆಗುವುದು ಇದೇ.

ಆ ದಿನ ನಿಮ್ಮ ಕೈಯಲ್ಲಿದ್ದ ಫೈಲ್ ಎಷ್ಟನೆಯ ರೋಗಿಗೆ ಬಳಸುತ್ತಿದ್ದದ್ದು? ನಿಮ್ಮ ಪತ್ರದಲ್ಲಿ ಅದಿಲ್ಲ, ಬಹುಶಃ ನಿಮಗೂ ಗೊತ್ತಿಲ್ಲ. ನಮ್ಮ ಎಷ್ಟೋ ಕ್ಲಿನಿಕ್‌ಗಳಲ್ಲಿ ಒಂದು ಫೈಲ್ ಎಷ್ಟು ಸಲ ಆಟೋಕ್ಲೇವ್ (ಹಬೆಯಲ್ಲಿ ಸ್ಟೆರೈಲ್ ಮಾಡುವ ಯಂತ್ರ) ಕಂಡಿದೆ ಎಂದು ಯಾರೂ ಲೆಕ್ಕ ಇಡುವುದಿಲ್ಲ. ಹಿಂದೆ ಹತ್ತು ದವಡೆಹಲ್ಲು ಕಂಡ ಫೈಲ್ ಹನ್ನೊಂದನೆಯದರಲ್ಲಿ ಮುರಿದರೆ ಕೊನೆಯಲ್ಲಿ ಹಿಡಿದವರ ತಲೆಗೇ ಬರುತ್ತದೆ. ನಿಮ್ಮ ತಪ್ಪೇ ಇಲ್ಲ ಎಂದು ಹೇಳುತ್ತಿಲ್ಲ. ಯಾರೂ ಪಕ್ಕದಲ್ಲಿಲ್ಲದ ದಿನ ಮೊದಲ ದವಡೆಹಲ್ಲಿಗೆ ಕೈ ಹಾಕಬಾರದಿತ್ತು. ನೋವಿಗೆ ಅಂದು ಬೇಕಾಗಿದ್ದದ್ದು ಹಲ್ಲು ತೆರೆದು, ಮೇಲಿನ ಪಲ್ಪ್ (ನರವಿರುವ ಒಳತಿರುಳು) ತೆಗೆದು, ಒಂದು ಡ್ರೆಸಿಂಗ್ ಇಟ್ಟು ಮುಚ್ಚುವುದು. ಫೋನಿನಲ್ಲಿ ‘ಮಾಡಮ್ಮಾ’ ಅಂದ ಹಿರಿಯರು ಇದನ್ನೇ ಹೇಳಬೇಕಿತ್ತು.

ಮುರಿದ ತುಂಡು ಒಳಗೆ ಉಳಿದರೆ ಹಲ್ಲು ಹೋಯಿತು ಎಂಬುದು ರೋಗಿಗಳಷ್ಟೇ ಹೊಸ ಡಾಕ್ಟರುಗಳೂ ನಂಬಿರುವ ತಪ್ಪು. ಸ್ಟೆರೈಲ್ ಮಾಡಿದ ಆ ಲೋಹ ತಾನಾಗಿ ಏನನ್ನೂ ಕೆಡಿಸುವುದಿಲ್ಲ. ಅದರಾಚೆಗಿನ ಭಾಗಕ್ಕೆ ಕೆನಾಲ್ ತೊಳೆಯುವ ಹೈಪೊಕ್ಲೋರೈಟ್ ದ್ರವ ತಲುಪದೆ ಸೋಂಕು ಅಲ್ಲೇ ಉಳಿದರೆ ತೊಂದರೆ. ಆದ್ದರಿಂದ ಯಾವ ಹಂತದಲ್ಲಿ ಮುರಿಯಿತು ಎಂಬುದು ಮುಖ್ಯ. ಕೆನಾಲ್ ಹೆಚ್ಚುಕಡಿಮೆ ಸ್ವಚ್ಛವಾದ ಮೇಲೆ ತುದಿಯಲ್ಲಿ ಮುರಿದಿದ್ದರೆ ಅದನ್ನು ಅಲ್ಲೇ ಬಿಟ್ಟು ಫಿಲ್ ಮಾಡಿ, 6 ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದು ನೋಡುತ್ತೇವೆ. ಶುರುವಿನಲ್ಲೇ ಮುರಿದಿದ್ದು, ಬೇರಿನ ತುದಿಯಲ್ಲಿ ಮೊದಲೇ ಕೀವಿನ ಗುರುತಿದ್ದರೆ ಸಣ್ಣ ಕೈ ಫೈಲ್‌ನಿಂದ ಪಕ್ಕದಲ್ಲಿ ದಾರಿ ಹುಡುಕಬೇಕು, ಇಲ್ಲವೇ ಮೈಕ್ರೊಸ್ಕೋಪ್ ಇರುವ ಎಂಡೊಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞರು) ಹತ್ತಿರ ಕಳಿಸಬೇಕು. ಎರಡರಲ್ಲಿ ಯಾವುದೇ ಆದರೂ ರೋಗಿಗೆ ಹೇಳಬೇಕು, ಕೇಸ್ ಪೇಪರಿನಲ್ಲಿ ಬರೆಯಬೇಕು. ನಿಮ್ಮ ರೋಗಿಗೆ ಬೈಗುಳದ ಮೂಲಕ ವಿಷಯ ತಿಳಿಯಿತು, ಸಮಾಧಾನವಾಗಿ ಯಾರೂ ಹೇಳಲಿಲ್ಲ ಅನ್ನಿಸುತ್ತದೆ. ಆ ಹಲ್ಲಿನ ಈಗಿನ ಎಕ್ಸ್‌ರೇ ಎಲ್ಲಿದೆ, ಫಾಲೋಅಪ್ ಯಾವಾಗ ಎಂದು ನೀವೇ ಸರ್ ಹತ್ತಿರ ಕೇಳಿ. ಮಾತು ಶುರು ಮಾಡಲು ಅದಕ್ಕಿಂತ ಒಳ್ಳೆಯ ನೆಪ ಸಿಗದು.

ಕೈ ನಡುಕದ ಬಗ್ಗೆ ಎರಡು ಮಾತು. ಬೈಸಿಕೊಂಡ ಮೇಲೆ ಶುರುವಾದ ನಡುಕ ಸಾಮಾನ್ಯವಾಗಿ ಭಯದ್ದು; ಅದರ ಮೇಲೆ ಕೂರುವ ರೀತಿಯೂ ಸೇರಿಕೊಳ್ಳುತ್ತದೆ. ಮೊಣಕೈ ಗಾಳಿಯಲ್ಲಿ ಎತ್ತಿ ಹಿಡಿದು, ಬೆರಳಿಗೆ ಪಕ್ಕದ ಹಲ್ಲಿನ ಆಸರೆ ಕೊಡದೆ ಕೆಲಸ ಮಾಡಿದರೆ ಯಾರ ಕೈಯಾದರೂ ನಡುಗುತ್ತದೆ. ರೋಗಿಯ ತಲೆ ನಿಮ್ಮ ಮೊಣಕೈ ಮಟ್ಟಕ್ಕೆ ಬರುವಂತೆ ಚೇರ್ ಹೊಂದಿಸಿಕೊಳ್ಳಿ, ಉಂಗುರದ ಬೆರಳನ್ನು ಹಲ್ಲಿನ ಮೇಲೆ ಊರಿ. ನಿಂತೇ ಕೆಲಸ ಮಾಡುವ ಹಳೆಯ ಕ್ಲಿನಿಕ್ ಆದರೆ ಒಂದು ಸ್ಟೂಲ್ ಕೇಳಿ, ಕೊಡದಿದ್ದರೆ ನೀವೇ ಕೊಳ್ಳಿ. ಮನೆಯಲ್ಲಿ ಲೋಟ ಹಿಡಿದಾಗಲೂ ನಡುಕವಿದ್ದರೆ, ತೂಕ ಇಳಿಯುತ್ತಿದ್ದರೆ, ಎದೆ ಬಡಿತ ಜೋರಾಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಈಗ ಮೊದಲ ಪ್ರಶ್ನೆ. ಹಿರಿಯರು ಬೇಕಂತಲೇ ಕಲಿಸುವುದಿಲ್ಲವೇ?

ಕೆಲವರು ಹಾಗೆ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಕಲಿಸಿದ ಹುಡುಗ ನಾಳೆ ಎದುರು ಕಟ್ಟಡದಲ್ಲೇ ಬೋರ್ಡ್ ಹಾಕುತ್ತಾನೆ ಎಂಬ ಹೆದರಿಕೆ ತಾಲ್ಲೂಕು ಊರುಗಳಲ್ಲಿ ಬಹಳ. ಆದರೆ ನಾನು ಕಂಡಂತೆ ಹೆಚ್ಚಿನವರ ತಡೆ ಬೇರೆಡೆ ಇದೆ. ರೋಗಿ ಬಂದಿರುವುದು ಅವರ ಕೈಗುಣ ನಂಬಿ. ‘ಆ ಡಾಕ್ಟರ್ ಎಲ್ಲಿ?’ ಎಂದು ಕತ್ತು ಎತ್ತಿ ಕೇಳುವ ಅಜ್ಜಿಯನ್ನು ನೀವೂ ನೋಡಿರುತ್ತೀರಿ. ಕೇಸ್ ಕೆಟ್ಟರೆ ದುಡ್ಡು ಪಡೆಯದೆ ಮತ್ತೆ ಮಾಡಿಕೊಡಬೇಕಾದವರು ಅವರು. ದುಡ್ಡು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದೂರು ಹೋದರೆ ಕೆಲಸ ಮಾಡಿದ ನಿಮ್ಮ ಜೊತೆಗೆ ಕ್ಲಿನಿಕ್ ಮಾಲೀಕರೂ ಉತ್ತರ ಕೊಡಬೇಕು. ಅವರು ಮುಕ್ಕಾಲು ಗಂಟೆಯಲ್ಲಿ ಮುಗಿಸುವ ಹಲ್ಲಿಗೆ ನಿಮಗೆ ಎರಡೂವರೆ ಗಂಟೆ ಬೇಕು, ಅಷ್ಟು ಹೊತ್ತು ಚೇರ್ ಕಟ್ಟಿಹಾಕಿದಂತೆ. ಇವೆಲ್ಲ ದುರುದ್ದೇಶಗಳಲ್ಲ.

ಅದಕ್ಕಿಂತ ದೊಡ್ಡ ಕಾರಣವೊಂದಿದೆ: ಅವರಿಗೆ ಕಲಿಸಲು ಯಾರೂ ಕಲಿಸಿಲ್ಲ. ಬ್ರಿಟನ್‌ನಲ್ಲಿ ಓದು ಮುಗಿಸಿದವರು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ನೆಲೆಯಾಗುವ ಮುನ್ನ ಒಂದು ವರ್ಷ ಫೌಂಡೇಶನ್ ಟ್ರೈನಿಂಗ್ ಮಾಡುತ್ತಾರೆ. ಸಾಮಾನ್ಯ ಕ್ಲಿನಿಕ್‌ನಲ್ಲೇ ಕೆಲಸ, ಅಲ್ಲೇ ಒಬ್ಬ ನಿಯುಕ್ತ ತರಬೇತುದಾರ, ಕೆಲಸದ ಹೊತ್ತಿನಲ್ಲೇ ಟ್ಯುಟೋರಿಯಲ್. ತರಬೇತುದಾರರನ್ನು ಆಯ್ಕೆ ಮಾಡಿ, ಅವರ ಕ್ಲಿನಿಕ್ ಪರಿಶೀಲಿಸಿ, ಆ ಕೆಲಸಕ್ಕೆ ಹಣವನ್ನೂ ಕೊಡುತ್ತಾರೆ. ನಮ್ಮಲ್ಲಿ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ರಾಜ್ಯ ದಂತ ಪರಿಷತ್ತಿನ ನೋಂದಣಿ. ಮರುದಿನವೇ ಒಬ್ಬಂಟಿಯಾಗಿ ಬುದ್ಧಿಹಲ್ಲು ಕೀಳಬಹುದು, ಕಾನೂನಿನ ಅಡ್ಡಿಯಿಲ್ಲ. ಇಂಟರ್ನ್‌ಶಿಪ್‌ನಲ್ಲಿ ಯಾರಿಗೆ ಎಷ್ಟು ಕೇಸ್ ಸಿಕ್ಕಿತು ಎಂಬುದು ಆ ಕಾಲೇಜಿನ ಓಪಿಡಿಗೆ ಎಷ್ಟು ಜನ ಬರುತ್ತಾರೆ ಎಂಬುದರ ಮೇಲೆ ನಿಂತಿದೆ. ಉಳಿದ ಕಲಿಕೆಯೆಲ್ಲ ಖಾಸಗಿ ಕ್ಲಿನಿಕ್‌ನ ಹಿರಿಯರ ಮರ್ಜಿ, ಬಿಡುವು, ಸ್ವಭಾವಕ್ಕೆ ಬಿಟ್ಟದ್ದು.

ಹಾಗೆ ನೋಡಿದರೆ ಇದು ಹಳೆಯ ಪದ್ಧತಿಯೇ. ಡಾ. ಆರ್. ಅಹ್ಮದ್ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜು ತೆರೆದದ್ದು 1920ರಲ್ಲಿ. ಆಮೇಲೂ ಬಹಳ ಕಾಲ ಹಲ್ಲಿನ ಕೆಲಸ ಕಲಿತವರಲ್ಲಿ ಅನೇಕರು ಯಾರದೋ ಅಂಗಡಿಯಲ್ಲಿ ಜೊತೆಗೆ ನಿಂತು ಕಲಿತವರು. 1948ರ ದಂತವೈದ್ಯರ ಕಾಯ್ದೆ ಅಂಥವರಿಗಾಗಿಯೇ ರಿಜಿಸ್ಟರ್‌ನಲ್ಲಿ ‘ಪಾರ್ಟ್ ಬಿ’ ಎಂಬ ಭಾಗ ಇಟ್ಟಿತ್ತು. ಪದವಿ ಬಂದು ಅಂಗಡಿ ಹೋದರೂ, ಪಕ್ಕದಲ್ಲಿ ನಿಂತು ಕಲಿಯಬೇಕಾದ ಭಾಗ ಹಾಗೇ ಉಳಿದಿದೆ.

‘ನೋಡ್ತಾ ಇರು’ ಅನ್ನುವ ಮಾತು ನಿಮಗೆ ಸಿಟ್ಟು ತರಿಸಿದೆ. ಸುಮ್ಮನೆ ನಿಂತು ನೋಡಿದರೆ ಏನೂ ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಎಂಟು ತಿಂಗಳಲ್ಲಿ ನೀವು ಏನನ್ನು ನೋಡಿದಿರಿ ಎಂದು ಕೇಳಬೇಕೆನಿಸುತ್ತದೆ. ಹೊಸಬರು ಕೈ ನೋಡುತ್ತಾರೆ: ಕೊರೆಯುವ ಬರ್ ಎಲ್ಲಿ ಇಟ್ಟರು, ಫೈಲ್ ಹೇಗೆ ತಿರುಗಿಸಿದರು. ಹಿರಿಯರ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಕೈಗೆ ಬರುವ ಮೊದಲೇ ಮುಗಿದಿರುತ್ತದೆ. ಇದೇ ಹಲ್ಲನ್ನು ಉಳಿಸಲು ಹೊರಟರು, ಅದರ ಪಕ್ಕದ್ದನ್ನು ಯಾಕೆ ಕೀಳೋಣ ಅಂದರು? ರಕ್ತ ತೆಳುವಾಗುವ ಮಾತ್ರೆ ತಿನ್ನುವ ವಯಸ್ಸಾದ ರೋಗಿಗೆ ಮಾತ್ರೆ ನಿಲ್ಲಿಸಿ ಬನ್ನಿ ಎನ್ನದೆ ಹೃದಯದ ಡಾಕ್ಟರ ಚೀಟಿ ಯಾಕೆ ಕೇಳಿದರು? ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿ ಮೂರು ಕೆನಾಲ್ ಸಿಕ್ಕ ಮೇಲೂ ಹತ್ತು ನಿಮಿಷ ಏನು ಹುಡುಕುತ್ತಿದ್ದರು? ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಅಲ್ಲಿ ನಾಲ್ಕನೆಯದೊಂದು ಇರುತ್ತದೆ, ಅದು ತಪ್ಪಿಹೋದರೆ ವರ್ಷದ ಮೇಲೆ ನೋವು ಮರಳುತ್ತದೆ. ಬಾಯಿ ಪೂರ್ತಿ ತೆರೆಯದ ರೋಗಿಯನ್ನು ನೋಡಿ ‘ಹುಬ್ಬಳ್ಳಿಗೆ ಹೋಗಿ ತೋರಿಸಿ’ ಎಂದು ಎರಡೇ ನಿಮಿಷದಲ್ಲಿ ಕಳಿಸಿದರಲ್ಲ, ಯಾಕೆ? ನಮ್ಮ ಕಡೆ ಗುಟ್ಕಾ ತಿಂದು ಒಳಕೆನ್ನೆ ಬಿಗಿದುಕೊಂಡವರು ಎಷ್ಟು ಜನ ಬರುತ್ತಾರೆಂದು ನಿಮಗೆ ಹೇಳಬೇಕಿಲ್ಲ. ಅಂಥವರ ಹಿಂದಿನ ಹಲ್ಲಿಗೆ ಫೈಲ್ ಇಳಿಸಲು ಹೊರಟರೆ ಏನಾಗುತ್ತದೆ ಎಂಬುದು ಪುಸ್ತಕದಲ್ಲಿರುವುದಿಲ್ಲ.

ಹಿರಿಯರಿಂದ ಪಡೆಯಬೇಕಾದದ್ದು ಮುಖ್ಯವಾಗಿ ಇದೇ ಎಂದು ನನ್ನ ನಂಬಿಕೆ. ಯಾವ ಹಲ್ಲಿಗೆ ಕೈ ಹಾಕಬಾರದು, ಎಲ್ಲಿ ನಿಲ್ಲಿಸಬೇಕು, ಕೆಟ್ಟಾಗ ರೋಗಿಗೆ ಹೇಗೆ ಹೇಳಬೇಕು. ಕೈಚಳಕ ಅಭ್ಯಾಸದಿಂದ ಬರುತ್ತದೆ, ಅದಕ್ಕೆ ಕಿತ್ತ ಹಲ್ಲುಗಳೂ ಸಾಕು. ಆದ್ದರಿಂದ ‘ಎಷ್ಟು ಕೇಸ್ ಕೊಡುತ್ತಾರೆ’ ಎಂದು ಹಿರಿಯರನ್ನು ಅಳೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನನ್ನ ಅಳತೆ ಮೂರು. ನೀವು ಕೆಲಸ ಮಾಡುವಾಗ ಅವರು ಅದೇ ಕಟ್ಟಡದಲ್ಲಿರುತ್ತಾರೆಯೇ? ಮುಗಿದ ಮೇಲೆ ನಿಮ್ಮ ಎಕ್ಸ್‌ರೇ ಜೊತೆಗೆ ಕೂತು ನೋಡುತ್ತಾರೆಯೇ? ತಮ್ಮದೇ ಕೆಟ್ಟ ಕೇಸುಗಳನ್ನು ತೋರಿಸುತ್ತಾರೆಯೇ? ಮೂರನೆಯದು ಅಪರೂಪ. ಅಂಥವರು ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಬಿಡಬೇಡಿ.

ನಿಮ್ಮ ಸರ್‌ಗೆ ಈ ಮೂರರಲ್ಲಿ ಒಂದಾದರೂ ಇದೆಯೇ ಎಂದು ಇನ್ನೂ ಪರೀಕ್ಷೆಯಾಗಿಲ್ಲ. ಕೇಳುವ ರೀತಿ ಬದಲಿಸಿ ನೋಡೋಣ. ‘ಆರ್‌ಸಿಟಿ (ರೂಟ್ ಕೆನಾಲ್) ಕೊಡಿ ಸರ್’ ಅಂದರೆ ಅವರಿಗೆ ಕೇಳಿಸುವುದು ‘ನಿಮ್ಮ ರೋಗಿಯನ್ನು ಕೊಡಿ’ ಎಂದು. ಅದರ ಬದಲು ಕ್ಲಿನಿಕ್‌ನಲ್ಲಿ ಕಿತ್ತ ಹಲ್ಲುಗಳಲ್ಲಿ ಕೆಲವನ್ನು ರೋಗಿಯ ಒಪ್ಪಿಗೆ ಪಡೆದು ಎತ್ತಿಟ್ಟುಕೊಳ್ಳಿ. ಬೆಳ್ಳಿ ಫಿಲ್ಲಿಂಗ್ ಇಲ್ಲದವನ್ನು ಆಟೋಕ್ಲೇವ್ ಮಾಡಿ; ಇದ್ದವನ್ನು ಆಟೋಕ್ಲೇವ್‌ಗೆ ಹಾಕಬೇಡಿ, ಪಾದರಸದ ಆವಿ ಬರುತ್ತದೆ, 10 ಶೇಕಡ ಫಾರ್ಮಲಿನ್‌ನಲ್ಲಿ ಎರಡು ವಾರ ಮುಳುಗಿಸಿಡಿ. ಹಾಗೆ ತಯಾರಾದ ಹಲ್ಲುಗಳಲ್ಲಿ ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತು ಕೆಲಸ ಮಾಡಿ, ಎಕ್ಸ್‌ರೇ ತೆಗೆದು ಸರ್ ಮುಂದೆ ಇಡಿ. ಏನೂ ಹೇಳದೆ ಹೋಗುವ ಹಿರಿಯರು ಕಡಿಮೆ. ‘ಇಲ್ಲಿ ಜಾಸ್ತಿ ಕೊರೆದಿದ್ದೀಯ’ ಅಂದರೂ ಸಾಕು, ಪಾಠ ಶುರುವಾಯಿತು.

ನಂತರ ಅವರ ಮುಂದೆ ಇಡಬೇಕಾದ ಪ್ರಸ್ತಾವ ಹೀಗಿರಲಿ: ಮೇಲಿನ ಮುಂದಿನ ಹಲ್ಲುಗಳು, ಒಂದೇ ಕೆನಾಲ್ ಇರುವಂಥವು ಮಾತ್ರ ನನಗೆ, ನೀವು ಕ್ಲಿನಿಕ್‌ನಲ್ಲಿರುವ ದಿನ ಮಾತ್ರ, ಮೂರು ಕಡೆ ನಿಲ್ಲಿಸಿ ನಿಮ್ಮನ್ನು ಕರೆಯುತ್ತೇನೆ. ಹಲ್ಲು ತೆರೆದ ಮೇಲೆ ಒಮ್ಮೆ, ಉದ್ದ ಅಳೆದ ಎಕ್ಸ್‌ರೇ ಬಂದಾಗ ಒಮ್ಮೆ, ಫಿಲ್ ಮಾಡುವ ಮುನ್ನ ಮಾಸ್ಟರ್ ಕೋನ್ (ಕೆನಾಲ್ ತುಂಬುವ ಮುಖ್ಯ ಕಡ್ಡಿ) ಇಟ್ಟ ಎಕ್ಸ್‌ರೇಗೆ ಒಮ್ಮೆ. ದೊಡ್ಡ ಅನಾಹುತಗಳಲ್ಲಿ ಬಹುಪಾಲು ಈ ಮೂರು ತಿರುವುಗಳಲ್ಲಿ ಸಿಕ್ಕಿಬೀಳುತ್ತವೆ. ತಪ್ಪು ದಿಕ್ಕಿಗೆ ಕೊರೆದದ್ದು ಮೊದಲನೆಯದರಲ್ಲಿ ಕಾಣುತ್ತದೆ, ಬೇರಿನ ತುದಿ ದಾಟಿದ್ದು ಎರಡನೆಯದರಲ್ಲಿ. ಪ್ರತಿ ಸಲ ಅವರಿಗೆ ಹಿಡಿಯುವುದು ಎರಡು ನಿಮಿಷ. ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಇಲ್ಲದೆ ಶುರು ಮಾಡಬೇಡಿ. ಕ್ಲಿನಿಕ್‌ನಲ್ಲಿ ಇಲ್ಲದಿದ್ದರೆ ಸ್ವಂತ ಕಿಟ್ ತನ್ನಿ, ಗಂಟಲಿಗೆ ಜಾರಿದ ಫೈಲ್‌ಗಿಂತ ಅದು ಅಗ್ಗ. ಹೈಪೊಕ್ಲೋರೈಟ್ ಬಿಡುವಾಗ ಸೂಜಿ ಕೆನಾಲ್‌ನಲ್ಲಿ ಸಿಕ್ಕಿಕೊಂಡಿರಬಾರದು, ಅಳೆದ ಉದ್ದಕ್ಕಿಂತ 2–3 ಮಿಲಿಮೀಟರ್ ಹಿಂದೆಯೇ ಇರಲಿ, ಹೆಬ್ಬೆರಳಿನಿಂದ ದೂಡದೆ ತೋರುಬೆರಳಿನಿಂದ ಮೆಲ್ಲಗೆ ಒತ್ತಿ. ಬೇರಿನಾಚೆ ಹೋದರೆ ನಿಮಿಷಗಳಲ್ಲಿ ಕೆನ್ನೆ ಊದಿ ರೋಗಿ ಚೀರಿಕೊಳ್ಳುವುದನ್ನು ನೋಡುವ ಪಾಡು ಬರಬಾರದು.

ಮುಂದಿನ ಹಲ್ಲುಗಳು ಕೈಗೆ ಹತ್ತಿದ ಮೇಲೆ ಮುಂದವಡೆ ಹಲ್ಲು (ಪ್ರೀಮೋಲಾರ್), ಆಮೇಲೆ ಕೆಳದವಡೆಯ ದೊಡ್ಡ ಹಲ್ಲು, ಮೇಲಿನದು ಎಲ್ಲಕ್ಕೂ ಕೊನೆಗೆ. ಎಷ್ಟು ಹಲ್ಲು ಮಾಡಿದರೆ ತಯಾರಾದಂತೆ ಎಂದು ಎಲ್ಲರೂ ಕೇಳುತ್ತಾರೆ. ಸಂಖ್ಯೆಗೆ ಅರ್ಥವಿಲ್ಲ. ಮಾಡಿದ ಹಲ್ಲನ್ನು ವರ್ಷದ ನಂತರ ಮತ್ತೆ ನೋಡದವರು ನೂರು ಮಾಡಿದರೂ ಒಂದೇ ತಪ್ಪನ್ನು ನೂರು ಸಲ ಮಾಡಿರಬಹುದು. ಒಂದು ನೋಟ್‌ಬುಕ್‌ನಲ್ಲಿ ರೋಗಿಯ ಹೆಸರಿಲ್ಲದೆ ಕೇಸ್ ನಂಬರ್, ಹಲ್ಲು, ಅಳೆದ ಉದ್ದ, ಏನು ಅಡ್ಡ ಬಂತು, ಮತ್ತೆ ಯಾವಾಗ ಕರೆಸಬೇಕು ಎಂದು ಬರೆದಿಡಿ.

ಚೈನ್ ಕ್ಲಿನಿಕ್ ಬಗ್ಗೆ. ಅಲ್ಲಿ ಸ್ಟೆರಿಲೈಸೇಷನ್, ದಾಖಲೆ, ರೋಗಿಯ ಒಪ್ಪಿಗೆ ಪತ್ರ ಇವೆಲ್ಲ ಅನೇಕ ಸಣ್ಣ ಕ್ಲಿನಿಕ್‌ಗಳಿಗಿಂತ ಶಿಸ್ತಾಗಿರಬಹುದು, ಅದನ್ನು ನೋಡಿ ಕಲಿಯುವುದೂ ಒಂದು ಲಾಭವೇ. ಆದರೆ ಕೆಲವು ಕಡೆ ತಿಂಗಳ ಟಾರ್ಗೆಟ್ ಇರುತ್ತದೆ. ಫಿಲ್ಲಿಂಗ್ ಸಾಕಾದ ಹಲ್ಲಿಗೆ ಆರ್‌ಸಿಟಿ ಮತ್ತು ಕ್ಯಾಪ್ ಹೇಳಿದರೆ ಟಾರ್ಗೆಟ್ ಮುಟ್ಟುತ್ತದೆ ಎಂಬ ಒತ್ತಡದಲ್ಲಿ ಮೊದಲ ವರ್ಷ ಕಳೆದವರ ಕಣ್ಣು ಕೆಡುತ್ತದೆ, ಆಮೇಲೆ ತಿದ್ದುವುದು ಕಷ್ಟ. ಗೆಳತಿಯನ್ನು ಇಷ್ಟು ಕೇಳಿ: ನಿನ್ನ ಕೇಸ್ ಕೆಟ್ಟಾಗ ಯಾರನ್ನು ಕರೆಯುತ್ತೀಯ? ಸಂಬಳ ನಿಗದಿಯೋ, ಮಾಡಿದ ಕೆಲಸದ ಪರ್ಸೆಂಟೇಜೋ? ಪರ್ಸೆಂಟೇಜ್ ಆದರೆ ಲ್ಯಾಬ್ ಖರ್ಚು ಕಳೆದ ಮೇಲಿನದೋ, ಮೊದಲಿನದೋ? ಈ ಕೊನೆಯ ಪ್ರಶ್ನೆ ಕೇಳದೆ ಸೇರಿ ತಿಂಗಳ ಕೊನೆಗೆ ಪೆಚ್ಚಾದವರು ಬಹಳ.

ಇಂಪ್ಲಾಂಟ್ ಕೋರ್ಸ್ ಈಗ ಬೇಡ. ಮೂರು ದಿನದಲ್ಲಿ ಮಾಡೆಲ್ ಮೇಲೆ ಸ್ಕ್ರೂ ಕೂರಿಸುವುದನ್ನು ಕಲಿಸಬಹುದು. ಇಂಪ್ಲಾಂಟ್ ಮೂಳೆಗೆ ಕಚ್ಚಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಅದರ ಸೋಲು ಗೆಲುವು ಕಾಣುವ ಹೊತ್ತಿಗೆ ಕೋರ್ಸ್ ನಡೆಸಿದವರು ಇನ್ನಾವುದೋ ಊರಿನಲ್ಲಿರುತ್ತಾರೆ. ಕೆಳದವಡೆಯಲ್ಲಿ ನರ, ಮೇಲೆ ಸೈನಸ್, ರೋಗಿಗೆ ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ, ಜೊತೆಗೆ ಬೀಡಿ. ಸರ್ಜರಿಯಲ್ಲಿ ಹೊಲಿಗೆ ಹಾಕುವುದೇ ಸರಾಗವಾಗದಿದ್ದಾಗ ಇದಕ್ಕೆ ಕೈ ಹಾಕಿ ತುಟಿ ಜೋಮು ಹಿಡಿದ ರೋಗಿಯನ್ನು ಎದುರಿಸುವಿರಾ? ಎರಡು ವರ್ಷ ಬಿಟ್ಟು, ರೋಗಿಗಳನ್ನು ಫಾಲೋಅಪ್‌ವರೆಗೂ ತೋರಿಸುವ ಕಡೆ ಹೋಗಿ.

ಅಪ್ಪನ ಮಾತನ್ನು ತಳ್ಳಿಹಾಕುವುದಿಲ್ಲ. ಸ್ವಂತ ಕ್ಲಿನಿಕ್ ಎಂದರೆ ಚೇರ್, ಕಂಪ್ರೆಸರ್, ಆಟೋಕ್ಲೇವ್ ಅಷ್ಟೇ ಅಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕೆಪಿಎಂಇ ನೋಂದಣಿ ಬೇಕು, ಜೈವಿಕ ತ್ಯಾಜ್ಯ ಒಯ್ಯುವವರ ಜೊತೆ ಒಪ್ಪಂದ ಬೇಕು, ಎಕ್ಸ್‌ರೇ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ಕಂತು ಮೊದಲ ತಿಂಗಳಿಂದಲೇ ಶುರು, ರೋಗಿಗಳು ನಿಧಾನಕ್ಕೆ ಬರುತ್ತಾರೆ. ಕಂತಿನ ಒತ್ತಡದಲ್ಲಿರುವ ಕೈ ಕಳಿಸಿಕೊಡಬೇಕಾದ ಕೇಸನ್ನೂ ಉಳಿಸಿಕೊಳ್ಳುತ್ತದೆ, ಅದೇ ದೊಡ್ಡ ಅಪಾಯ. ಇದಕ್ಕೊಂದು ದಾರಿಯಿದೆ, ನಮ್ಮ ಊರುಗಳಲ್ಲಿ ಇದನ್ನು ಕಲಿಕೆಯೆಂದು ಯಾರೂ ಲೆಕ್ಕ ಹಾಕುವುದಿಲ್ಲ: ವಿಸಿಟಿಂಗ್ ಕನ್ಸಲ್ಟೆಂಟ್. ಕಷ್ಟದ ದವಡೆಹಲ್ಲುಗಳನ್ನೆಲ್ಲ ವಾರದ ಒಂದು ದಿನಕ್ಕೆ ಕೂಡಿಸಿಟ್ಟು, ದಾವಣಗೆರೆಯಿಂದಲೋ ಹುಬ್ಬಳ್ಳಿಯಿಂದಲೋ ಎಂಡೊಡಾಂಟಿಸ್ಟ್ ಒಬ್ಬರನ್ನು ಕರೆಸಿ. ಅವರ ಪಾಲು ಹೋದ ಮೇಲೆ ನಿಮಗೆ ಉಳಿಯುವುದು ಸ್ವಲ್ಪವೇ. ಆದರೆ ಅವರ ಪಕ್ಕದಲ್ಲಿ ನೀವೇ ಸಕ್ಷನ್ ಹಿಡಿದು ಕೂರುತ್ತೀರಿ, ರೋಗಿ ನಿಮ್ಮವರು, ಫಾಲೋಅಪ್ ನಿಮ್ಮದು, ಪ್ರಶ್ನೆ ಕೇಳಲು ಸಂಕೋಚವಿಲ್ಲ. ಹೀಗೆ ಕಲಿತು ನಿಂತವರು ನನ್ನ ಪರಿಚಯದಲ್ಲಿ ಒಬ್ಬಿಬ್ಬರಲ್ಲ. ನಿಮ್ಮ ಈಗಿನ ಕ್ಲಿನಿಕ್‌ಗೂ ಬುದ್ಧಿಹಲ್ಲಿಗೋ ಕ್ಲಿಪ್ ಹಾಕಲೋ ಕನ್ಸಲ್ಟೆಂಟ್ ಬರುತ್ತಿದ್ದರೆ ಆ ಮಧ್ಯಾಹ್ನ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ.

ಎಂಡಿಎಸ್ ಮೂರು ವರ್ಷದ ಓದು, ಒಂಬತ್ತು ವಿಭಾಗಗಳು. ಒಂದು ವಿಭಾಗ ನಿಜವಾಗಿ ಹಿಡಿಸಿದ್ದರೆ ಓದಿ, ನೀಟ್‌ಗೆ ಕೂರಿ. ಬರೀ ಬಿಡಿಎಸ್‌ಗೆ ಬೆಲೆಯಿಲ್ಲ ಎಂಬ ಮಾತಿಗೆ ಹೆದರಿ, ಅಥವಾ ನಡುಗುವ ಕೈಯಿಂದ ಪಾರಾಗಲು ಹೋಗಬೇಡಿ. ರ‍್ಯಾಂಕ್ ಕೊಟ್ಟ ವಿಭಾಗ ಸೇರಿ, ಖಾಸಗಿ ಕಾಲೇಜಿನ ಫೀಸ್ ಕಟ್ಟಿ, ಕೊನೆಗೆ ಊರಿಗೆ ಮರಳಿ ಬಿಡಿಎಸ್‌ನವರು ಮಾಡುವ ಕೆಲಸವನ್ನೇ ಮಾಡುತ್ತಿರುವವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ.

ಇನ್ನು ಸರ್ಟಿಫಿಕೇಟ್ ಮತ್ತು ಆ ಸ್ಟಾಂಪ್ ಪೇಪರ್. ಒರಿಜಿನಲ್‌ಗಳನ್ನು ವಾಪಸ್ ತೆಗೆದುಕೊಳ್ಳಿ. ಅವು ನಿಮ್ಮವು, ಕ್ಲಿನಿಕ್‌ನ ದಾಖಲೆಗೆ ಜೆರಾಕ್ಸ್ ಸಾಕು. ಜಗಳ ಬೇಡ, ಬ್ಯಾಂಕಿಗೋ ಪರೀಕ್ಷೆಯ ಅರ್ಜಿಗೋ ಬೇಕಾಗಿದೆ ಎಂದು ಕೇಳಿದರೆ ಬಹುಪಾಲು ಜನ ಕೊಡುತ್ತಾರೆ. ಕೊಡದಿದ್ದರೆ ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಾದರೂ ಲಿಖಿತ ಗುರುತು ಇರಲಿ, ಆಮೇಲೆ ವಕೀಲರು. ಬಿಟ್ಟ ಮೇಲೆ ಊರಿನಲ್ಲಿ ಕ್ಲಿನಿಕ್ ತೆರೆಯುವಂತಿಲ್ಲ ಎಂಬ ಷರತ್ತು ಬರೆದವರು ಅಂದುಕೊಂಡಷ್ಟು ಗಟ್ಟಿಯಲ್ಲ. ವೃತ್ತಿ ಮಾಡದಂತೆ ತಡೆಯುವ ಒಪ್ಪಂದ ಅನೂರ್ಜಿತ ಎಂದು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಎರಡು ವರ್ಷದ ಅವಧಿಯ ಮಾತು ಬೇರೆ. ಮಾಲೀಕರು ತರಬೇತಿಗೆ ನಿಜವಾಗಿ ಹಣ ಹಾಕಿದ್ದರೆ ನ್ಯಾಯವಾದಷ್ಟು ಪರಿಹಾರವನ್ನು ಕೋರ್ಟ್‌ಗಳು ಒಪ್ಪಿದ್ದುಂಟು, ಆದ್ದರಿಂದ ಆ ಕಾಗದವನ್ನು ವಕೀಲರೊಬ್ಬರಿಗೆ ತೋರಿಸದೆ ಹೊರಡಬೇಡಿ. ವೃತ್ತಿ ಹೊಣೆ ವಿಮೆ ನಿಮ್ಮ ಹೆಸರಿನಲ್ಲೇ ಮಾಡಿಸಿಕೊಳ್ಳಿ. ಸರ್ ವಿಮೆಯಲ್ಲಿ ನಿಮ್ಮ ಹೆಸರಿದೆ ಎಂದು ಊಹಿಸಬೇಡಿ.

ಹಿರಿಯರಲ್ಲಿ ಕೆಲವರು ಇದನ್ನು ಓದುತ್ತಿರಬಹುದು, ಅವರಿಗೆ ಒಂದು ಮಾತು. 15,000 ರೂಪಾಯಿಗೆ ಹತ್ತು ಗಂಟೆ ದುಡಿಸಿಕೊಂಡು, ಮೇಲೆ ‘ಕಲಿಸ್ತಾ ಇದ್ದೀನಲ್ಲ’ ಎಂದರೆ ಆ ಕಲಿಸುವುದು ಎಲ್ಲಾದರೂ ಕಾಣಬೇಕು. ವಾರಕ್ಕೆ ಒಂದು ಮಧ್ಯಾಹ್ನ, ಅರ್ಧ ಗಂಟೆ, ನಾಲ್ಕು ಎಕ್ಸ್‌ರೇ. ರೋಗಿಯ ಎದುರು ಬೈದರೆ ಆ ರೋಗಿ ಮುಂದೆಂದೂ ಆ ಹುಡುಗಿಯ ಚೇರ್‌ನಲ್ಲಿ ಕೂರುವುದಿಲ್ಲ, ನಿಮ್ಮ ಕ್ಲಿನಿಕ್‌ನ ಎರಡನೆಯ ಚೇರ್ ಖಾಲಿ ಬೀಳುತ್ತದೆ. ಲೆಕ್ಕ ನಿಮ್ಮದೇ.

ಡಾಕ್ಟರೇ, ನಿಮಗೆ ನನ್ನ ಸಲಹೆ ಮೂರು ತಿಂಗಳ ಗಡುವು. ಕಿತ್ತ ಹಲ್ಲುಗಳ ಕೆಲಸ ಈ ವಾರವೇ ಶುರು ಮಾಡಿ, ಮೂರು ಕಡೆ ನಿಲ್ಲಿಸುವ ಪ್ರಸ್ತಾವವನ್ನು ತಿಂಗಳೊಳಗೆ ಸರ್ ಮುಂದಿಡಿ. ಅಷ್ಟರಲ್ಲಿ ಅವರು ಒಂದಾದರೂ ಎಕ್ಸ್‌ರೇಯನ್ನು ನಿಮ್ಮ ಜೊತೆ ಕೂತು ನೋಡಿದರೆ ಇನ್ನೊಂದು ವರ್ಷ ಇರಿ, ಸಂಬಳದ ಮಾತನ್ನು ಆಗ ಎತ್ತಿ. ನೋಡಲಿಲ್ಲವೆಂದರೆ ಬೇರೆ ಹಿರಿಯರನ್ನು ಹುಡುಕಿ. ಹತ್ತಿರದ ದಂತವೈದ್ಯರ ಸಂಘದ ಶಾಖೆಯ ಸಭೆಗಳಿಗೆ ಹೋದರೆ ಯಾರು ತಮ್ಮ ಕೆಟ್ಟ ಕೇಸ್ ತೋರಿಸಿ ಮಾತಾಡುತ್ತಾರೆ ಎಂದು ಎರಡೇ ಸಭೆಗಳಲ್ಲಿ ತಿಳಿಯುತ್ತದೆ, ಅವರ ಹತ್ತಿರ ಹೋಗಿ ಕೇಳಿ. ಬಿಡುವುದೇ ಆದರೆ ಒಂದು ತಿಂಗಳ ನೋಟಿಸ್ ಬರೆದು ಕೊಡಿ. ಹೊರಡುವ ಮೊದಲು ನೀವು ನೋಡುತ್ತಿದ್ದ ರೋಗಿಗಳ ಪಟ್ಟಿ ಮಾಡಿ: ಯಾರ ಹಲ್ಲಿನಲ್ಲಿ ತಾತ್ಕಾಲಿಕ ಫಿಲ್ಲಿಂಗ್ ಇದೆ, ಯಾರಿಗೆ ಯಾವ ದಿನ ಬರಲು ಹೇಳಿದ್ದೀರಿ, ಆ ಮುರಿದ ಫೈಲಿನ ರೋಗಿಯ ಮುಂದಿನ ಎಕ್ಸ್‌ರೇ ಯಾವ ತಿಂಗಳು. ಒಂದು ಪ್ರತಿ ಸರ್ ಕೈಗೆ, ಇನ್ನೊಂದು ಕ್ಲಿನಿಕ್‌ನ ಫೈಲಿಗೆ.